ಹಸಿ ಹಿಟ್ಟು ಕದಡುವ ದಲಂದಾ

ಮಹ್ದಿಯಾದ ಬಂದರಿನಲ್ಲಿ ಬೂತಾಯಿ ಮೀನಿನ ಬುಟ್ಟಿಗಳು ಇಳಿಯುವ ಹೊತ್ತಿಗೆ, ಆಸ್ಪತ್ರೆಯ ಮಕ್ಕಳ ವಾರ್ಡಿನ ಪಕ್ಕದ ಪುಟ್ಟ ಕೋಣೆಯಲ್ಲಿ ದಲಂದಾ ಗರ್ಸಲ್ಲಿ ಅವರ ಚಮಚದ ಸದ್ದು ಶುರುವಾಗಿರುತ್ತದೆ. ಸಾಲಾಗಿ ಇಟ್ಟ ಲೋಟಗಳಲ್ಲಿ ತಣ್ಣೀರು, ಅದಕ್ಕೆ ತೂಗಿ ಹಾಕಿದ ಹಸಿ ಕಾರ್ನ್‌ಫ್ಲೋರ್. ಸಕ್ಕರೆಯಿಲ್ಲ, ಒಲೆಯಂತೂ ಇಲ್ಲವೇ ಇಲ್ಲ. ಒಂದು ಗಂಟೂ ಉಳಿಯದಂತೆ ಕದಡಬೇಕು, ಹಿಟ್ಟು ತಳ ಹಿಡಿಯುವ ಮೊದಲೇ ಮಕ್ಕಳ ಬಾಯಿಗೆ ತಲುಪಿಸಬೇಕು. ಎರಡೂ ಕೈಯಲ್ಲಿ ತಟ್ಟೆ ಹಿಡಿದ ಅವರು ವಾರ್ಡಿನ ಬಾಗಿಲನ್ನು ಸೊಂಟದಿಂದಲೇ ತಳ್ಳುತ್ತಾರೆ.

“ಏಳ್ರೋ ಸುಲ್ತಾನರೇ! ಕಾಫಿ ಬಂತು!”

“ಇದು ಕಾಫಿ ಅಲ್ಲ, ಸುಣ್ಣದ ನೀರು!” ಎಂದು ಹೊದಿಕೆಯೊಳಗಿಂದ ಒಂದು ದನಿ.

“ಹೌದಪ್ಪಾ, ಗೋಡೆಗೆ ಸುಣ್ಣ ಬಳಿದರೆ ಗೋಡೆ ಗಟ್ಟಿ. ಕುಡಿ.”

ಇಡೀ ವಾರ್ಡಿಗೆ ಅವರು ‘ಖಾಲ್ತಿ’, ಅಂದರೆ ಅಲ್ಲಿನ ಅರಬ್ಬಿಯಲ್ಲಿ ಚಿಕ್ಕಮ್ಮ. ಅವರ ಲೋಟ ಕಾಯುವ ಮಕ್ಕಳಿಗೆ ಹುಟ್ಟಿನಿಂದ ಬಂದ ಒಂದು ಅಪರೂಪದ ಕಾಯಿಲೆ. ಉಂಡ ಊಟದ ಸಕ್ಕರೆಯಲ್ಲಿ ಮಿಕ್ಕಿದ್ದನ್ನು ನಮ್ಮ ಯಕೃತ್ತಿನ ಜೀವಕೋಶಗಳು ಕವಲುಕವಲಾಗಿ ಹೆಣೆದು ಕೂಡಿಡುತ್ತವೆ. ಹೊಟ್ಟೆ ಬರಿದಾದಾಗ ಆ ಹೆಣಿಗೆ ಬಿಚ್ಚಿ ರಕ್ತಕ್ಕೆ ಬಿಡುತ್ತವೆ. ಮಿದುಳಿನಿಂದ ಕಾಲಿನ ಸ್ನಾಯುವಿನವರೆಗೆ ಪ್ರತಿ ಜೀವಕೋಶವೂ ಅದನ್ನು ಉರಿಸಿ ತನ್ನ ಕೆಲಸಕ್ಕೆ ಬೇಕಾದ ಶಕ್ತಿ ಪಡೆಯುತ್ತದೆ. ಈ ಮಕ್ಕಳಲ್ಲಿ ಕೂಡಿಡುವುದು ಸರಿಯಾಗಿಯೇ ನಡೆಯುತ್ತದೆ. ಬಿಚ್ಚುವ ಕೆಲಸ ಮಾತ್ರ ಕವಲಿನ ಹತ್ತಿರ ಬಂದು ನಿಂತುಬಿಡುತ್ತದೆ.

ದಲಂದಾ ಹೊಸ ತಾಯಂದಿರಿಗೆ ಇದನ್ನು ತಮ್ಮದೇ ಮಾತಿನಲ್ಲಿ ಹೇಳುತ್ತಾರೆ. “ಹಗೇವಿನ ತುಂಬ ಗೋಧಿ ಇದೆ, ಮುಚ್ಚಳ ಅಂಟ್ಕೊಂಡಿದೆ ಅಂದ್ಕೊಳ್ಳಮ್ಮ. ಮನೆಯವರು ಹಸ್ಕೊಂಡಿದ್ದಾರೆ. ಹಸಿ ಹಿಟ್ಟು ಹೊಟ್ಟೇಲಿ ನಿಧಾನಕ್ಕೆ ಕರಗುತ್ತೆ, ಗಂಟೆಗಟ್ಟಲೆ ಒಂದೊಂದೇ ಹಿಡಿ ಸಕ್ಕರೆ ಕೊಡುತ್ತೆ. ಕಾಯಿಸಿದ್ಯೋ, ಬೇಗ ಕರಗಿ ಮುಗಿದೇ ಹೋಗುತ್ತೆ.”

ಐವತ್ತೇಳರ ದಲಂದಾ ಮೊದಲು ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಆಸ್ಪತ್ರೆಯ ನೆಲ ಒರೆಸಲು ಸೇರಿದರು. “ಮಂಡಿ ಮುಷ್ಕರ ಹೂಡ್ತು” ಎಂದು ನಗುತ್ತಾರೆ. ಕೂತು ಮಾಡುವ ಕೆಲಸವೆಂದು ಈ ಕೋಣೆ ಕೊಟ್ಟರಂತೆ, ಕೂತದ್ದು ಕಡಿಮೆ. ಎಷ್ಟು ಹಿಟ್ಟು, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಕಲಿಸಿದವರು ವೈದ್ಯೆ ಸುಂದುಸ್. ಅಂಗಡಿಗಳಲ್ಲಿ ಕಾರ್ನ್‌ಫ್ಲೋರ್ ಸಿಗದ ತಿಂಗಳುಗಳಲ್ಲಿ ದಲಂದಾ ಮಿಠಾಯಿಯವರ ಬಾಗಿಲು ಬಡಿದು ಚೀಲ ತಂದದ್ದುಂಟು. “ನಿನ್ನ ಹಲ್ವ ಒಂದು ದಿನ ತೆಳ್ಳಗಾದ್ರೆ ಯಾರೂ ಸಾಯಲ್ಲ ಅಂದೆ. ಬೈಕೊಂಡೇ ಕೊಟ್ಟ, ಪುಣ್ಯಾತ್ಮ.”

ಕಳೆದ ರಂಜಾನಿನ ಒಂದು ಮಧ್ಯಾಹ್ನವನ್ನು ಮಾತ್ರ ಅವರು ನಗದೆ ಹೇಳುತ್ತಾರೆ. ಒಂಬತ್ತು ವರ್ಷದ ಶಿರಾಝ್‌ಳನ್ನು ಅವಳ ಅಜ್ಜಿ ಬೇಯಾ ನೆರೆಯವರ ಮೀನಿನ ವ್ಯಾನಿನಲ್ಲಿ ಹಾಕಿಕೊಂಡು ಬಂದಿದ್ದರು. ಹುಡುಗಿಯ ಮೈಯೆಲ್ಲ ಬೆವರು, ಕೂಗಿದರೆ ಕಣ್ಣು ತೆರೆಯುತ್ತಿಲ್ಲ. ಸುಂದುಸ್ ರಕ್ತನಾಳಕ್ಕೆ ಗ್ಲೂಕೋಸ್ ಹರಿಸಿದರು. ದಲಂದಾ ಹುಡುಗಿಯ ತಣ್ಣಗಿನ ಪಾದ ಉಜ್ಜುತ್ತ ನಿಂತರು. ರೆಪ್ಪೆ ಅಲುಗಿದ ಮೇಲೆಯೇ ಅಜ್ಜಿಗೆ ಬಾಯಿ ಬಂತು.

“ಬೆಳಗಿನ ಹಿಟ್ಟೆಲ್ಲ ಪುದೀನಾ ಕುಂಡಕ್ಕೆ ಸುರಿದಿದ್ದಾಳೆ ದಲಂದಾ! ಗಿಡ ಸೊಂಪಾಗಿ ನಿಂತಿದೆ, ಇವಳು ಅಂಗಳದಲ್ಲಿ ಬಿದ್ದಿದ್ದಾಳೆ! ಕಾಯಿಲೆಯವರಿಗೆ ಉಪವಾಸ ಇಲ್ಲ ಅಂತ ಎಷ್ಟು ಸಲ ಹೇಳೋದು?”

“ನಂಗೊತ್ತು ಅಜ್ಜಿ” ಎಂದಳು ಶಿರಾಝ್, ಗೋಡೆಗೆ ಮುಖ ತಿರುಗಿಸಿ. “ಚಿಕ್ಕಪ್ಪನ ಮಕ್ಕಳೆಲ್ಲ ಉಪವಾಸ ಇರ್ತಾರೆ. ನಾನು ಗಟಗಟ ಕುಡಿಯೋದನ್ನ ಎಲ್ರೂ ನೋಡ್ತಾರೆ. ಪಾಪ ಅಂತಾರೆ.”

ದಲಂದಾ ಹೊದಿಕೆಯನ್ನು ಅವಳ ಪಾದದ ಮೇಲೆ ಎಳೆದರು. ಹಸಿವಿನ ಸಂಕಟವಾದರೆ ಲೋಟ ಕೊಡಬಹುದಿತ್ತು. ಇದು ನಾಚಿಕೆಯದು.

ಮರುದಿನ ಬೆಳಗ್ಗೆ ಪಕ್ಕದ ಮಂಚಕ್ಕೆ ಹೊಸದಾಗಿ ಬಂದಿದ್ದ ನಾಲ್ಕು ವರ್ಷದ ನಿಝಾರ್ ಲೋಟ ಕಂಡ ಕೂಡಲೇ ಹಲ್ಲು ಕಚ್ಚಿದ. ತಾಯಿ ಬೇಡಿದಳು, ಅತ್ತಳು. ದಲಂದಾರ ಸುಲ್ತಾನ್ ಗಿಲ್ತಾನ್ ಯಾವುದೂ ನಡೆಯಲಿಲ್ಲ. ಎರಡು ಬಾರಿ ಉಗುಳಿ ಅವರ ಬಿಳಿ ಅಂಗಿಯನ್ನು ಇನ್ನಷ್ಟು ಬಿಳಿಯಾಗಿಸಿದ. ಶಿರಾಝ್ ನೋಡುತ್ತಲೇ ಇದ್ದಳು. ಕೊನೆಗೆ ಗ್ಲೂಕೋಸ್ ಬಾಟಲಿಯ ಗಾಲಿ ಕಂಬವನ್ನು ತಳ್ಳಿಕೊಂಡು ಬಂದು ಅವನ ಮಂಚದ ಮೇಲೆ ಕೂತಳು.

“ಲೋ, ಹಾಗಲ್ಲ. ಮೂಗು ಹಿಡ್ಕೋ. ನಾಲಗೆ ಮೇಲೆ ನಿಲ್ಲಿಸ್ಬೇಡ, ಹಿಂದಕ್ಕೆ ತಳ್ಳು. ನೋಡು.” ತನ್ನ ಲೋಟವನ್ನು ಎಲ್ಲರೆದುರು ತಳ ಕಾಣುವಂತೆ ಕುಡಿದು, ಬೋರಲು ಹಾಕಿ ತೋರಿಸಿದಳು. ಮೇಲ್ತುಟಿಯ ಮೇಲೆ ಬಿಳಿ ಮೀಸೆ ಮೂಡಿತ್ತು. ಹುಡುಗ ಮೀಸೆಯನ್ನೇ ದಿಟ್ಟಿಸಿದ.

“ನಂಗೂ ಬರುತ್ತಾ?”

“ಕುಡಿದ್ರೆ ಬರುತ್ತೆ.”

ಕುಡಿದ. ಅವನ ತಾಯಿ ಶಿರಾಝ್‌ಳ ಕೈ ಹಿಡಿದು, “ನಿಂಗೆಷ್ಟು ವರ್ಷದಿಂದ ಮಗಳೇ?” ಎಂದಳು. “ನೆನಪಿದ್ದಾಗಿನಿಂದ” ಎಂದ ಹುಡುಗಿಯನ್ನು ಆಕೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಎತ್ತರಕ್ಕೆ ಬೆಳೆದ, ಶಾಲೆಗೆ ಹೋಗುವ, ಜಗಳವಾಡುವ ಹುಡುಗಿ. ‘ಪಾಪ’ ಎನ್ನಲಿಲ್ಲ. “ಹಾಗಾದ್ರೆ ಇವನೂ ದೊಡ್ಡವನಾಗ್ತಾನೆ” ಎಂದಳು.

“ನಾನು ಕೋಣೆಗೆ ಹೋಗಿ ಚಮಚ ತೊಳೆದೆ” ಎನ್ನುತ್ತಾರೆ ದಲಂದಾ. “ಎಲ್ಲಾ ಶುದ್ಧವಾಗೇ ಇದ್ವು. ಆದ್ರೂ ತೊಳೆದೆ.”

ಶಿರಾಝ್ ಆ ರಂಜಾನಿನ ಉಳಿದ ದಿನಗಳಲ್ಲಿ ಅಂಗಳದ ನಡುವೆಯೇ ಕೂತು ಕುಡಿದಳು ಎಂದು ಬೇಯಾ ಹೇಳುತ್ತಾರೆ. ಮೊದಲ ದಿನ ಚಿಕ್ಕಪ್ಪನ ಮಗನೊಬ್ಬ ಕಿಸಕ್ಕೆಂದನಂತೆ. “ನೀನು ಸಂಜೆವರೆಗೆ ತಡ್ಕೋತೀಯ, ನಾನು ಇದನ್ನ ದಿನಾ ತಡ್ಕೋತೀನಿ” ಎಂದಳಂತೆ ಮೊಮ್ಮಗಳು. ಮಗ ಲೋಟ ಬೇಡವೆಂದು ಹಟ ಹಿಡಿದಾಗ ನಿಝಾರ್‌ನ ತಾಯಿ ಈಗಲೂ ಫೋನು ಮಾಡುವುದು ಶಿರಾಝ್‌ಗೇ.

ಮುಂದಿನ ವರ್ಷ ದಲಂದಾರಿಗೆ ನಿವೃತ್ತಿ. ಅವರ ಜಾಗಕ್ಕೆ ಬರುವಾಕೆ ಈಗಾಗಲೇ ಪಕ್ಕದಲ್ಲಿ ನಿಂತು ಕದಡುತ್ತಾಳೆ, ಗಂಟು ಕಟ್ಟಿಸುತ್ತಾಳೆ, ಬೈಸಿಕೊಳ್ಳುತ್ತಾಳೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ದಲಂದಾ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ.

“ಶಿರಾಝ್ ಮದುವೆಗೆ ಕರೀಲಿ. ಅವಳು ಕುಣೀಬೇಕು, ಕುಣಿದು ಸುಸ್ತಾಗಿ ಚಪ್ಪಲಿ ಕಳಚಿ ನನ್ನ ಪಕ್ಕ ಕೂರ್ಬೇಕು. ಕಾಯಿಲೆಯ ಸುಸ್ತಲ್ಲ. ಮದುವೆ ಮನೇಲಿ ಎಲ್ಲಾ ಹೆಣ್ಮಕ್ಕಳಿಗೂ ಆಗುತ್ತಲ್ಲ, ಆ ಸುಸ್ತು.”