ರೊಟ್ಟಿಯ ಪಕ್ಕದ ಮೆಂತ್ಯೆ

ಘೋಡಗೇರಿಯ ನಮ್ಮ ಹೊಲದ ಬದುವಿನ ಮೇಲೆ ನಿಂತು ನಮ್ಮ ಯಜಮಾನರು ಕುರಿಗಳನ್ನು ಕೂಗಲು ಬಾಯಿ ತೆರೆದರು. ದನಿ ಬರಲಿಲ್ಲ. ಎದೆ ಹಿಡಿದುಕೊಂಡು ಅಲ್ಲಿಯೇ ಕುಳಿತರು. ನಾನು ಓಡಿ ಹೋದರೆ, "ಏನಿಲ್ಲ ಬಿಡ, ಬಿಸಲ ಹೆಚ್ಚಾಗೇತಿ" ಎಂದರು. ನಾನೂ ಬಿಸಿಲಿನ ಮೇಲೆ ಹೊರಿಸಿ ಸುಮ್ಮನಾದೆ. ಹೀಗೆ ಸುಮ್ಮನಾಗಿಯೇ ಎರಡು ತಿಂಗಳು ಕಳೆದೆವು.

ಬಿಸಿಲಲ್ಲ. ಹೃದಯದ ವಾಲ್ವ್ ಕೆಟ್ಟಿತ್ತು.

ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಕೆಟ್ಟದ್ದನ್ನು ತೆಗೆದು ಲೋಹದ ವಾಲ್ವ್ ಹಾಕಿದರು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕಾಗಿ ರಕ್ತವನ್ನು ತೆಳುವಾಗಿಡುವ ಗುಳಿಗೆ, ದಿನಾ ಸಂಜೆ ಆರಕ್ಕೆ, ಜೀವ ಇರುವತನಕ. ಆ ಗುಳಿಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಲು ಐಎನ್‌ಆರ್ ಎಂಬ ರಕ್ತಪರೀಕ್ಷೆ. ಇವರಿಗೆ ಅದು ಎರಡೂವರೆ ಮತ್ತು ಮೂರೂವರೆಯ ನಡುವೆ ಇರಬೇಕೆಂದರು. ಮೇಲೇರಿದರೆ ರಕ್ತಸ್ರಾವದ ಭಯ. ಕೆಳಗಿಳಿದರೆ ವಾಲ್ವಿನಲ್ಲಿ ಹೆಪ್ಪು, ಅದು ತಲೆಗೆ ಹೋದರೆ ಲಕ್ವಾ, ಇಲ್ಲವೇ ಸಾವು. ಇಷ್ಟನ್ನೂ ಡಿಸ್ಚಾರ್ಜ್ ಆಗುವ ದಿನ ಐದು ನಿಮಿಷದಲ್ಲಿ ಹೇಳಿ, ಕೈಗೊಂದು ಹಾಳೆ ಕೊಟ್ಟರು. ತಿನ್ನಬಾರದ್ದರ ಪಟ್ಟಿ.

ಆ ಹಾಳೆಯನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಎಲ್ಲಾ ಇಂಗ್ಲಿಷಿನಲ್ಲಿ. ಪಿಯುಸಿ ಮಾಡಿದ್ದೇನೆ, ಕೂಡಿಸಿಕೊಂಡು ಓದಿದೆ. ಕೇಲ್. ಬ್ರೊಕೊಲಿ. ಬ್ರಸೆಲ್ಸ್ ಸ್ಪ್ರೌಟ್ಸ್. ಅಸ್ಪಾರಗಸ್. ಗೋಕಾಕದ ಸಂತೆಯಲ್ಲಿ ಇವನ್ನು ಮಾರುವವರನ್ನು ಯಾರಾದರೂ ತೋರಿಸಿದರೆ ನಾನು ಅವರ ಕಾಲಿಗೆ ಬೀಳುತ್ತೇನೆ. ಪಟ್ಟಿಯಲ್ಲಿ ನನಗೆ ಗೊತ್ತಿದ್ದದ್ದು ಪಾಲಕ ಒಂದೇ. ಅವತ್ತೇ ಬಿಟ್ಟೆ. ಮನೆಯೊಳಕ್ಕೆ ತರಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವವಳು ನಾನು.

ಅಂಗನವಾಡಿ ಕಾರ್ಯಕರ್ತೆ ನಾನು. ಹಸಿರು ಸೊಪ್ಪು ತಿನ್ನಿ ಎಂದು ಬಸುರಿಯರಿಗೆ, ಬಾಣಂತಿಯರಿಗೆ ಹೇಳುವುದಕ್ಕೇ ನನಗೆ ಪಗಾರ. ಯಾವ ತರಕಾರಿಯಲ್ಲಿ ಏನಿದೆ ಎಂಬ ಚಿತ್ರದ ಚಾರ್ಟು ನನ್ನ ಗೋಡೆಯ ಮೇಲೆಯೇ ಇದೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತೇನೆ. ಆ ಬಿಂಕವೇ ನನ್ನನ್ನು ಹಾಳು ಮಾಡಿತು.

ಮೊದಲ ತಿಂಗಳ ಐಎನ್‌ಆರ್ ಎರಡು ಪಾಯಿಂಟ್ ಒಂಬತ್ತು. ಗೋಕಾಕದ ಡಾಕ್ಟರು ತಲೆಯಾಡಿಸಿ, "ಗುಡ್" ಎಂದರು. ಅದೇ ವಾರ ಮೂಡಲಗಿಯಿಂದ ನಾದಿನಿ ಮಾಯಕ್ಕ ಅಣ್ಣನನ್ನು ನೋಡಲು ಬಂದಳು. ಕೈಯಲ್ಲಿ ಒಂದು ಚೀಲ ಗಜ್ಜರಿ, ಅಂದರೆ ಕ್ಯಾರೆಟ್.

"ವೈನಿ, ಅಣ್ಣಗ ದಿನಾ ಗಜ್ಜರಿ ಕೊಡ್ರಿ. ಕೆಂಪ ಇರತಾವ, ರಕ್ತ ಆಗತೈತಿ."

"ಕೆಂಪ ಇದ್ದದ್ದೆಲ್ಲಾ ರಕ್ತ ಆಗಿದ್ರ ಕುಂಕುಮಾನೂ ತಿನ್ನಸ್ತಿದ್ವಿ" ಎಂದೆ. ಗಜ್ಜರಿ ಕಣ್ಣಿಗೆ ಒಳ್ಳೆಯದು, ನಿಜ. ಆದರೆ ಕಬ್ಬಿಣದಲ್ಲಿ, ಸುಣ್ಣದಂಶದಲ್ಲಿ ಮೆಂತ್ಯೆ ಸೊಪ್ಪಿನ ಮುಂದೆ ಅದು ನಿಲ್ಲುವುದಿಲ್ಲ. ಚಾರ್ಟಿನಲ್ಲಿದ್ದದ್ದನ್ನೆಲ್ಲ ಅವಳಿಗೆ ಒಪ್ಪಿಸಿದೆ. ಮಾಯಕ್ಕ ಬಾಯಿ ಮುಚ್ಚಿಕೊಂಡಳು. ನಾನು ಗೆದ್ದೆ. ಗಜ್ಜರಿ ಕುರಿಮರಿಗಳ ಪಾಲಾಯಿತು.

ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಮೆಂತ್ಯೆ ಇದ್ದೇ ಇರುತ್ತದೆ. ಬೇರು ಚಿವುಟಿ, ತೊಳೆದು, ತಾಟಿನ ಪಕ್ಕಕ್ಕಿಟ್ಟರೆ ಆಯಿತು. ಶೇಂಗಾ ಹಿಂಡಿ, ಮೊಸರು, ಒಂದು ತುತ್ತು ರೊಟ್ಟಿ, ನಾಲ್ಕು ಎಲೆ. ಅದನ್ನು ಯಾರೂ ಅಡುಗೆ ಎನ್ನುವುದಿಲ್ಲ. ಉಪ್ಪು, ಹಸಿ ಉಳ್ಳಾಗಡ್ಡಿ ಇದ್ದ ಹಾಗೆ ಅದೂ ಇರುತ್ತದೆ. ಅದು ಚಳಿಗಾಲ, ಹಿತ್ತಲ ಮಡಿಯಲ್ಲಿ ಎಳೆ ಮೆಂತ್ಯೆ ಎದ್ದಿತ್ತು. ಮಾಯಕ್ಕ ಹೋದ ಮೇಲೆ ನಾನು ಎರಡು ಹೊತ್ತೂ ಹಿಡಿ ಹಿಡಿ ಇಟ್ಟೆ. ಇವರು ಸಾಕೆಂದರೂ ಬಿಡಲಿಲ್ಲ.

ಮರು ತಿಂಗಳು ಒಂದು ಪಾಯಿಂಟ್ ಎಂಟು.

ಡಾಕ್ಟರು ದಕ್ಷಿಣದ ಕಡೆಯ ಹುಡುಗ, ಒಳ್ಳೆಯ ಮನೆತನದವನಂತೆ ಕಾಣುತ್ತಿದ್ದ. "ಮನೇಲಿ ಏನೇನು ಅಡುಗೆ ಮಾಡ್ತೀರಾ?" ಎಂದು ಕೇಳಿದ. ಬದನೆಕಾಯಿ, ಹೀರೇಕಾಯಿ, ಚವಳಿಕಾಯಿ, ಮಡಕಿಕಾಳು ಎಂದು ಒಂದೊಂದಾಗಿ ಹೇಳಿದೆ. ಒಂದೂ ಸುಳ್ಳಲ್ಲ. ಗುಳಿಗೆ ಹೆಚ್ಚಿಸಿದ. ಹದಿನೈದು ದಿನ ಬಿಟ್ಟು ನೋಡಿದರೆ ಒಂದು ಪಾಯಿಂಟ್ ನಾಲ್ಕು. ಈ ಸಲ ಅವನು ಇವರ ಮುಖವನ್ನು ಸರಿಯಾಗಿ ನೋಡಲೂ ಇಲ್ಲ.

"ಮಾತ್ರೆ ತಗೊಳ್ತಿಲ್ಲ ಅಮ್ಮ ಇವರು. ಹಳ್ಳಿ ಪೇಷಂಟುಗಳದು ಇದೇ ಗೋಳು. ನಿಮ್ಮೆದುರು ಬಾಯಿಗೆ ಹಾಕ್ಕೋತಾರೆ, ಹಿಂದಿನಿಂದ ಉಗುಳ್ತಾರೆ."

ಇವರು ಟೊಪ್ಪಿಗೆ ಸರಿಮಾಡಿಕೊಂಡು ಹೊರಗೆ ಹೋದರು.

ದಿನಾ ಸಂಜೆ ಆ ಗುಳಿಗೆಯನ್ನು ಕೈಗೆ ಕೊಡುವವಳು ನಾನು. ಕ್ಯಾಲೆಂಡರಿನ ಮೇಲೆ ಗುರುತು ಹಾಕುವವಳು ನಾನು. ಒಂದು ದಿನವೂ ತಪ್ಪಿಲ್ಲ ಎಂದು ಆ ಕ್ಷಣಕ್ಕೇ ಡಾಕ್ಟರ ಮುಖಕ್ಕೆ ಹೇಳಬೇಕಿತ್ತು. ಹೇಳಲಿಲ್ಲ. ಬಿಳಿ ಕೋಟು ಹಾಕಿಕೊಂಡವರು ಹೇಳಿದ್ದು ಖರೆಯೇ ಇರಬೇಕು ಎನ್ನಿಸಿತು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಗುಳಿಗೆ ಕೊಟ್ಟು ನೀರು ತರಲು ಒಳಗೆ ಹೋಗುತ್ತೇನಲ್ಲ, ಆಗ ಉಗುಳುತ್ತಾರೇನು? ಕುರಿ ದೊಡ್ಡಿಯ ಕಡೆ ಹೋಗುತ್ತಾರಲ್ಲ, ಅಲ್ಲಿ?

ಅವತ್ತು ಸಂಜೆ ಗುಳಿಗೆ ನುಂಗಿದ ಮೇಲೆ, "ಬಾಯಿ ತಗೀರಿ" ಎಂದೆ.

ಅವರು ನನ್ನನ್ನೇ ನೋಡಿದರು. ಬಾಯಿ ತೆರೆದರು. ನಾನು ಬ್ಯಾಟರಿಯ ಬೆಳಕು ಬಿಟ್ಟು ನಾಲಿಗೆಯ ಕೆಳಗೆ, ದವಡೆಯ ಸಂದಿಯಲ್ಲಿ ಹುಡುಕಿದೆ. ಅಂಗನವಾಡಿಯ ಮಕ್ಕಳಿಗೆ ಹುಳದ ಗುಳಿಗೆ ಕೊಟ್ಟಾಗ ನೋಡುತ್ತೇನಲ್ಲ, ಹಾಗೆಯೇ. ಏನೂ ಇರಲಿಲ್ಲ. ಮರುದಿನವೂ ನೋಡಿದೆ. ಅದರ ಮರುದಿನವೂ. ಮೂರನೆಯ ದಿನದಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ಗುಳಿಗೆ ನುಂಗುವುದು, ಬಾಯಿ ತೆರೆಯುವುದು, ಎದ್ದು ಹೋಗುವುದು. ರೊಟ್ಟಿ ಬಡಿಸಿದರೆ ತಾಟು ನೋಡಿಕೊಂಡೇ ಉಣ್ಣುವರು. ಪಕ್ಕದಲ್ಲಿ ನಾನೇ ತೊಳೆದಿಟ್ಟ ಮೆಂತ್ಯೆ.

ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಬೆಳಿಗ್ಗೆ ಚಹಾದ ಕಪ್ಪು ಅವರ ಎಡಗೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರು, ಬೆರಳು ಕೂಡಲಿಲ್ಲ. ಏನೋ ಹೇಳಲು ಹೋದರು. ಮಾತು ತೊದಲಿತು.

ಗಾಡಿ ಮಾಡಿಕೊಂಡು ಗೋಕಾಕಕ್ಕೆ ಹೋಗುವಷ್ಟರಲ್ಲಿ ಬೆರಳು ತಾವಾಗಿಯೇ ಆಡತೊಡಗಿದವು. ಸಣ್ಣ ಹೆಪ್ಪು, ತಾನೇ ಕರಗಿದೆ, ನಸೀಬು ಚೆನ್ನಾಗಿತ್ತು ಎಂದರು. ಅಡ್ಮಿಟ್ ಮಾಡಿಕೊಂಡು ಇಂಜೆಕ್ಷನ್ ಶುರು ಮಾಡಿದರು. ಎಕೋ, ಸ್ಕ್ಯಾನ್ ಎಲ್ಲಾ ಆಯಿತು. ವಾಲ್ವ್ ಉಳಿದಿತ್ತು. ಮುಂದಿನ ಸಲ ಹೀಗೆ ಬಿಡುವುದಿಲ್ಲ ಎಂದರು.

ಮರುದಿನ ಮಧ್ಯಾಹ್ನ ವಾರ್ಡಿನಲ್ಲಿ ಮನೆಯ ಬುತ್ತಿ ಬಿಚ್ಚಿದೆ. ರೊಟ್ಟಿ, ಹೀರೇಕಾಯಿ ಪಲ್ಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೆಂತ್ಯೆ. ಬಿಪಿ ನೋಡಲು ಬಂದಿದ್ದ ಸಿಸ್ಟರ್ ನಿಂತುಬಿಟ್ಟಳು. ಬೆಲ್ಲದ ಬಾಗೇವಾಡಿಯವಳು, ರೊಟ್ಟಿ ತಿಂದು ಬೆಳೆದವಳು.

"ಅಕ್ಕಾರ, ಈ ಮೆಂತೆ ದಿನಾ ತಿಂತಾರೇನ್ರಿ?"

"ದಿನಾ ಎರಡ ಹೊತ್ತ. ಯಾಕ್ರಿ?"

"ಎಷ್ಟ?"

ಹಿಡಿ ಮಾಡಿ ತೋರಿಸಿದೆ. ಅವಳು ಹಣೆ ಚಚ್ಚಿಕೊಂಡಳು. "ಇದ್ರಾಗ ವಿಟಮಿನ್ ಕೆ ಭಾಳ ಐತ್ರಿ. ಗುಳಿಗಿ ರಕ್ತ ತೆಳ್ಳಗ ಮಾಡಾಕ ಹೋದ್ರ ಇದು ಹೆಪ್ಪುಗಟ್ಟಸಾಕ ಹೋಗತೈತಿ. ಗಜ್ಜರಿ ತಿನ್ನಿಸಿದ್ರ ಏನೂ ಆಗ್ತಿದ್ದಿಲ್ಲ, ಅದ್ರಾಗ ಭಾಳ ಕಡಿಮಿ. ಡಾಕ್ಟರಿಗೆ ಹೇಳಿಲ್ಲೇನ್ರಿ?"

ಮೆಂತ್ಯೆಯನ್ನು ಮತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಚಾರ್ಟಿನಲ್ಲಿ ಗೆದ್ದ ಸೊಪ್ಪು. ಹತ್ತು ಗುಣಗಳಲ್ಲಿ ಗಜ್ಜರಿಗಿಂತ ಮೇಲೆಂದು ನಾನೇ ಸಾರಿ ಹೇಳಿದ ಸೊಪ್ಪು. ಯಾರ ಹೊಟ್ಟೆಗೆ ಒಳ್ಳೆಯದು ಎಂದು ಆ ಚಾರ್ಟಿನಲ್ಲಿ ಎಲ್ಲಿಯೂ ಬರೆದಿಲ್ಲ, ನಾನೂ ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ.

ಸಂಜೆ ರೌಂಡಿಗೆ ಬಂದ ಡಾಕ್ಟರಿಗೆ ಸಿಸ್ಟರ್ ಹೇಳಿದಳು. ಅವನು ಫೈಲು ನೋಡುತ್ತಾ, "ಇದನ್ನ ನೀವು ಮೊದಲೇ ಹೇಳಬೇಕಿತ್ತಲ್ಲಮ್ಮ" ಎಂದ.

ತಡೆದಿಟ್ಟಿದ್ದೆಲ್ಲಾ ಹೊರಬಂತು. "ನೀವು ಕೇಳಿದ್ದು ಏನ ಅಡಿಗಿ ಮಾಡ್ತೀರಿ ಅಂತ್ರಿ. ಹಸೀದು ಏನ ತಿಂತೀರಿ ಅಂತ ಕೇಳಿದ್ರೇನು? ಬೆಳಗಾವ್ಯಾಗಿನವರು ನಮ್ಮೂರಾಗ ಬೆಳೀದ ಇರೋದರದು ಪಟ್ಟಿ ಕೊಟ್ರು. ನಮ್ಮ ತಾಟಿನಾಗ ಏನ ಇರತೈತಿ ಅಂತ ನಿಮಗ ಗೊತ್ತಿಲ್ಲ. ನಾವು ಸುಳ್ಳ ಹೇಳ್ತೀವಿ ಅನ್ನೋದು ಮಾತ್ರ ಲಗೂನ ಗೊತ್ತಾತು!"

ವಾರ್ಡೆಲ್ಲಾ ತಿರುಗಿ ನೋಡಿತು. ಡಾಕ್ಟರು ಕೆಂಪಾದ. ಮೆಂತ್ಯೆಯನ್ನು ಪೂರ್ತಿ ಬಿಡಬೇಕಿಲ್ಲ, ದಿನಾ ಒಂದೇ ಅಳತೆಯಲ್ಲಿ ಸ್ವಲ್ಪ ತಿನ್ನಲಿ, ಒಂದು ದಿನ ಹಿಡಿ, ಒಂದು ದಿನ ಏನೂ ಇಲ್ಲ ಎಂಬಂತೆ ಆಗಬಾರದು, ಅದಕ್ಕೆ ಹೊಂದುವ ಹಾಗೆ ಗುಳಿಗೆ ಬರೆದುಕೊಡುತ್ತೇನೆ, ವಾರಕ್ಕೊಮ್ಮೆ ರಕ್ತ ನೋಡೋಣ ಎಂದ. ಒಳ್ಳೆಯ ಮಾತೇ. ಆದರೆ ತಪ್ಪಾಯಿತು ಎನ್ನಲಿಲ್ಲ. ಹಾಸಿಗೆಯಲ್ಲಿದ್ದ ಮನುಷ್ಯನ ಕಡೆ ತಿರುಗಿ ಒಂದು ಮಾತು ಹೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಈಗ ಐಎನ್‌ಆರ್ ಎರಡು ಪಾಯಿಂಟ್ ಏಳರ ಆಸುಪಾಸು ನಿಂತಿದೆ. ನಿಂತಿರಲಿ. ಆ ಸಿಸ್ಟರಿಗೆ ನನ್ನ ಜೀವಮಾನದ ಋಣವಿದೆ. ಅಂಗನವಾಡಿಗೆ ಬರುವವರಿಗೆ ಈಗಲೂ ಸೊಪ್ಪು ತಿನ್ನಿ ಎಂದೇ ಹೇಳುತ್ತೇನೆ, ಆದರೆ ಮನೆಯಲ್ಲಿ ಯಾರಾದರೂ ಯಾವ ಗುಳಿಗೆ ನುಂಗುತ್ತಾರೆ ಎಂದು ಮೊದಲು ಕೇಳುತ್ತೇನೆ. ಡಾಕ್ಟರ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ, ಇಳಿಸಿಕೊಳ್ಳುವ ಅವಸರವೂ ನನಗಿಲ್ಲ.

ಆದರೆ ಬೆರಳು ಚುಚ್ಚಿ ರಕ್ತ ನೋಡಿದರೂ ತಿಳಿಯದ್ದು ಒಂದಿದೆ. ಡಿಸ್ಚಾರ್ಜ್ ಆಗಿ ಬಸ್ಸಿನಲ್ಲಿ ಬರುವಾಗ, "ತಪ್ಪಾತ್ರಿ. ನಿಮ್ಮ ಮ್ಯಾಲ ಸಂಶೆ ಮಾಡಬಾರದಿತ್ತು" ಎಂದೆ. ಅವರು ಕಿಟಕಿಯ ಹೊರಗೆ ನೋಡಿದರು.

"ಆ ಡಾಕ್ಟರ್ ನನ್ನ ಮೂರ್ನಾಕ ಸಲ ನೋಡ್ಯಾನ" ಎಂದರು ಆಮೇಲೆ. "ನೀ ಇಪ್ಪತ್ತೆರಡ ವರ್ಷ ನೋಡೀದಿ."

ಊರು ಬಂತು, ನಾನು ಮೊದಲು ಇಳಿದು ಚೀಲ ಕೆಳಗಿಟ್ಟು ನಿಂತೆ. ಮೆಟ್ಟಿಲು ಎತ್ತರವಿತ್ತು. ಅವರು ಒಂದು ಗಳಿಗೆ ತಡೆದರು, ಆಮೇಲೆ ನನ್ನ ಹೆಗಲ ಮೇಲೆ ಕೈಯೂರಿ ಇಳಿದರು. ಆ ಭಾರ ಹೊತ್ತು ನಾನು ಅಲುಗಾಡದೆ ನಿಂತಿದ್ದೆ.