ವಿಮಾನಕ್ಕೆ ‘ಬೇಡ’ ಎನ್ನುವ ಗ್ಲೆನಿಸ್

ಬೆಳಗಿನ ಐದೂವರೆ. ಥಾರ್ಸ್‌ಬಿ ಮೈದಾನದ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಹ್ಯಾಂಗರಿನೊಳಗಿರುವ ಸಂಗ್ರಹಾಲಯದ ಹಳೆಯ ಯುದ್ಧವಿಮಾನಗಳ ಹೊದಿಕೆ ಇನ್ನೂ ತೆಗೆದಿಲ್ಲ. ಹುಲ್ಲಿನ ರನ್‌ವೇ ಮೇಲೆ ಗ್ಲೆನಿಸ್ ಮಾಲ್ಟ್‌ಬಿ ಒಬ್ಬರೇ ನಡೆಯುತ್ತಿದ್ದಾರೆ. ಬಲಗೈಯಲ್ಲಿ ಕಬ್ಬಿಣದ ಮೊನೆಯ ಕೋಲು, ಎಡಗೈಯಲ್ಲಿ ತಗಡಿನ ಬಕೆಟ್. ಮೂರು ಹೆಜ್ಜೆಗೊಮ್ಮೆ ಕೋಲು ನೆಲಕ್ಕೆ ಇಳಿಯುತ್ತದೆ. ಕಲ್ಲು ಸಿಕ್ಕರೆ ಬಕೆಟ್ಟಿಗೆ. ಮೊಲ ಕೆರೆದ ಗುಳಿ ಕಂಡರೆ ಮಣ್ಣು ತುಂಬಿ ಬೂಟುಗಾಲಲ್ಲಿ ತುಳಿದು ಗಟ್ಟಿ ಮಾಡುತ್ತಾರೆ. ಗುಳಿ ತೋಡಿದ ಮೊಲಕ್ಕೆ ಬೈಗುಳವೂ ಸಲ್ಲುತ್ತದೆ.

ಇಂಗ್ಲೆಂಡಿನ ಲಿಂಕನ್‌ಶೈರಿನ ಈ ಚಪ್ಪಟೆ ಬಯಲಿನಲ್ಲಿ ರನ್‌ವೇ ಉದ್ದ ಒಂಬೈನೂರು ಮೀಟರ್. ಅದನ್ನು ಆರು ಪಟ್ಟಿಗಳಾಗಿ ಮನಸ್ಸಿನಲ್ಲೇ ಸೀಳಿಕೊಂಡು, ಒಂದೊಂದನ್ನೂ ತುದಿಯಿಂದ ತುದಿಗೆ ನಡೆದರೆ ಸುಮಾರು ಐದೂವರೆ ಕಿಲೋಮೀಟರ್. ಎರಡು ಗಂಟೆಯ ಕೆಲಸ. ವರ್ಷಕ್ಕೆ ಎಂಟು ಹಾರಾಟದ ದಿನಗಳು, ಅದಕ್ಕೆ ಮೊದಲಿನ ಪರೀಕ್ಷೆಯ ದಿನಗಳು ಬೇರೆ. ಇಪ್ಪತ್ಮೂರು ವರ್ಷಗಳಿಂದ ಒಂದು ದಿನವೂ ತಪ್ಪಿಸಿಲ್ಲ ಎನ್ನಲಾಗದು. ನಾಲ್ಕು ವರ್ಷದ ಹಿಂದೆ ಸೊಂಟದ ಕೀಲು ಬದಲಾಯಿಸಿದಾಗ ಒಂಬತ್ತು ವಾರ ಮನೆಯಲ್ಲಿ ಕೂತಿದ್ದರು. ಡಾಕ್ಟರು ಹೇಳಿದ್ದು ಆರು ತಿಂಗಳು.

‘ಡಾಕ್ಟ್ರು ನನ್ ಸೊಂಟ ನೋಡಿದ್ರು, ಸರಿ. ಈ ನೆಲ ಯಾರು ನೋಡ್ತಾರೆ?’ ಎನ್ನುತ್ತಾರೆ ಅರವತ್ತೆಂಟರ ಗ್ಲೆನಿಸ್. ಸಂಗ್ರಹಾಲಯ ನಡೆಸುವ ಟ್ರಸ್ಟಿನ ಅಧ್ಯಕ್ಷರಿಂದ ಹಿಡಿದು ಗೇಟಿನವನವರೆಗೆ ಅವರಿಗೆ ಎಲ್ಲರೂ ‘ನೀನು’, ಎಲ್ಲರೂ ‘ಮರಿ’.

ಹತ್ತು ಗಂಟೆಗೆ ಜನ ಬರುತ್ತಾರೆ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ, ಬೆಣ್ಣೆ ಕಾಗದದಲ್ಲಿ ಸುತ್ತಿದ ಹ್ಯಾಮ್ ಸ್ಯಾಂಡ್‌ವಿಚ್. ಪೈಲಟ್‌ಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ, ಎಂಜಿನು ಬಿಚ್ಚಿ ಕೂಡಿಸಿದವರ ಕೈ ಕುಲುಕುತ್ತಾರೆ. ಹುಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಅಷ್ಟು ಹೊತ್ತಿಗೆ ಗ್ಲೆನಿಸ್ ತಂತಿಬೇಲಿಯ ಪಕ್ಕ ಬೂಟು ಬಿಚ್ಚಿ ಕೂತು ಕಾಲು ಚಾಚಿರುತ್ತಾರೆ.

ಅವರು ಇಲ್ಲಿಗೆ ಬಂದದ್ದು ನೆಲ ನೋಡುವುದಕ್ಕಲ್ಲ. ಹದಿನಾರನೇ ವಯಸ್ಸಿನಿಂದ ಹೊಲಗಳಲ್ಲಿ ಹೂಕೋಸು ಕೊಯ್ದವರು. ಜನವರಿಯ ಚಳಿಯಲ್ಲಿ ಒದ್ದೆ ಕೈಗವಸು ಹಾಕಿ ಹತ್ತಿರ ಹತ್ತಿರ ಮೂವತ್ತು ವರ್ಷ ಬಗ್ಗಿದ ಬೆನ್ನು. ಬೆರಳಿನ ಗಿಣ್ಣುಗಳು ಊದಿಕೊಂಡು ಚಾಕು ಹಿಡಿಯಲಾಗದೆ ಹೋದಾಗ, ಸಂಗ್ರಹಾಲಯದ ಚಹಾ ಡೇರೆಯಲ್ಲಿ ಕಪ್ಪು ತೊಳೆಯಲು ಸೇರಿಕೊಂಡರು. ಆ ಬೇಸಿಗೆಯಲ್ಲೇ ಒಂದು ಶನಿವಾರ, ಕಪ್ಪು ತೊಳೆದ ನೀರು ಚೆಲ್ಲಲು ಹೋದವರಿಗೆ ರನ್‌ವೇ ಅಂಚಿನಲ್ಲಿ ಬಿಲವೊಂದು ಕಂಡಿತು. ಉಸ್ತುವಾರಿಯವನಿಗೆ ಹೇಳಿದರು. ಚಹಾ ಆರಿಹೋಗುತ್ತೆ, ಹೋಗಿ ಅದನ್ನು ನೋಡಿಕೊಳ್ಳಿ ಎಂದು ಅವನು ನಕ್ಕ. ಮರುದಿನ ಇಳಿಯುತ್ತಿದ್ದ ಮೇಲೊಂದು ಕೆಳಗೊಂದು ಜೊತೆ ರೆಕ್ಕೆಯ ತರಬೇತಿ ವಿಮಾನದ ಚಕ್ರ ಅದೇ ಬಿಲಕ್ಕೆ ಸಿಕ್ಕಿ, ವಿಮಾನ ಮೂಗು ನೆಲಕ್ಕೆ ಕುಟ್ಟಿ ಮಗುಚಿತು. ಪೈಲಟ್ ಬದುಕಿದ. ಬೆನ್ನುಮೂಳೆ ಮುರಿದು, ಮತ್ತೆಂದೂ ಹಾರಲಿಲ್ಲ.

‘ಅವತ್ತು ನಾನು ಎರಡನೇ ಸಲ ಹೇಳ್ಲಿಲ್ಲ. ಒಂದ್ಸಲ ನಕ್ರು ಅಂತ ಸುಮ್ನಾದೆ. ಅದು ನನ್ ತಪ್ಪು,’ ಎನ್ನುವಾಗ ಗ್ಲೆನಿಸ್ ಮುಖ ತಿರುಗಿಸುವುದಿಲ್ಲ. ಮುಂದಿನ ಹಾರಾಟದ ದಿನ ಯಾರನ್ನೂ ಕೇಳದೆ ಕೋಲು ಹಿಡಿದು ಮೈದಾನಕ್ಕೆ ಇಳಿದರು. ಯಾರೂ ನೇಮಿಸಲಿಲ್ಲ, ಹಾಗಾಗಿ ಯಾರೂ ತೆಗೆದುಹಾಕಲೂ ಇಲ್ಲ.

ಈ ಸೆಪ್ಟೆಂಬರಿನ ಪ್ರದರ್ಶನದಲ್ಲಿ ಅವರನ್ನು ಬದಿಗೆ ಸರಿಸುವ ಪ್ರಯತ್ನವೂ ನಡೆದುಹೋಯಿತು. ಹನ್ನೊಂದು ವರ್ಷ ದುರಸ್ತಿಯಾದ ಹರಿಕೇನ್ ಯುದ್ಧವಿಮಾನ ಅಂದು ಮೊದಲ ಬಾರಿ ಜನರೆದುರು ಹಾರಬೇಕಿತ್ತು. ಆರು ಸಾವಿರ ಮಂದಿ ಬರುವವರಿದ್ದರು. ಬೆಳಗಿನ ನಡಿಗೆಯಲ್ಲಿ, ರನ್‌ವೇಯ ಪೂರ್ವ ತುದಿಯಿಂದ ಇನ್ನೂರೈವತ್ತು ಮೀಟರ್ ಒಳಗೆ, ಗ್ಲೆನಿಸ್‌ರ ಕೋಲು ಒಂದು ಕಡೆ ಬೇಕಾದ್ದಕ್ಕಿಂತ ಸಲೀಸಾಗಿ ಇಳಿಯಿತು. ಹಿಮ್ಮಡಿಯಿಂದ ಗುದ್ದಿದರೆ ಟೊಳ್ಳು ಸದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಮೈದಾನ ಬಹಳ ಕಾಲ ಹೊಲವಾಗಿತ್ತು. ನೀರು ಬಸಿಯಲೆಂದು ಮಣ್ಣಿನ ಕೊಳವೆಗಳನ್ನು ಹೂತವರಲ್ಲಿ ಗ್ಲೆನಿಸ್‌ರ ತಂದೆಯೂ ಒಬ್ಬರು. ಕೊಳವೆ ಒಡೆದರೆ ಮಣ್ಣು ಒಳಗೊಳಗೇ ಜಾರಿ, ಮೇಲೆ ಹುಲ್ಲಿನ ಚಾಪೆ ಮಾತ್ರ ಉಳಿಯುವುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಆ ಜಾಗದ ಸುತ್ತ ನಾಲ್ಕು ಕೆಂಪು ಬಾವುಟ ನೆಟ್ಟರು.

ಪ್ರದರ್ಶನದ ನಿರ್ದೇಶಕ ಜೂಲಿಯನ್ ಪ್ರೈಡೊ ಬಂದು ನೋಡಿದರು. ಎರಡು ವರ್ಷದ ಹಿಂದೆ ಸೇರಿದವರು, ಲೆಕ್ಕಾಚಾರದ ಮನುಷ್ಯ, ಅಜಾಗರೂಕರೇನಲ್ಲ. ಮರಳುಚೀಲ ತುಂಬಿದ ಪಿಕಪ್ ಗಾಡಿಯನ್ನು ಅದೇ ಜಾಗದ ಮೇಲೆ ಎರಡು ಸಲ ಓಡಿಸಿದರು. ನೆಲ ಕುಸಿಯಲಿಲ್ಲ. ಬಾವುಟ ಕೀಳಿ ಎಂದರು.

‘ಗಾಡಿ ಮೆತ್ತಗೆ ಉರುಳ್ಕೊಂಡು ಬಂತು ಮರಿ. ವಿಮಾನ ಆಕಾಶದಿಂದ ಬಂದು ಬೀಳುತ್ತೆ,’ ಎಂದರು ಗ್ಲೆನಿಸ್.

‘ಗ್ಲೆನಿಸ್, ನೀವು ಕಲ್ಲು ಆರಿಸೋಕೆ ಬರೋರು. ತೀರ್ಮಾನ ನಂದು.’

‘ತಗೋ ತೀರ್ಮಾನ. ನಾನಂತೂ ಇಲ್ಲಿಂದ ಕದಲಲ್ಲ.’

ಇಷ್ಟು ಹೇಳಿ, ಮಡಚುವ ಸ್ಟೂಲನ್ನು ನಾಲ್ಕು ಬಾವುಟಗಳ ನಡುವೆ ಇಟ್ಟು ಕೂತುಬಿಟ್ಟರು. ಎರಡು ಗಂಟೆಗೆ ಹರಿಕೇನ್ ಹೊರಡಬೇಕಿತ್ತು. ಧ್ವನಿವರ್ಧಕ ‘ಸ್ವಲ್ಪ ತಡ’ ಎಂದಿತು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಅದನ್ನೇ ಹೇಳಿತು. ಬೇಲಿಯಾಚೆಯಿಂದ ಯಾರೋ, ಅಜ್ಜಿಗೆ ಪಿಕ್‌ನಿಕ್ಕಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ಕೂಗಿದರು. ಕೆಲವರು ಸಿಳ್ಳೆ ಹಾಕಿದರು. ಆರು ಸಾವಿರ ಜನರ ಕಣ್ಣೆದುರು ಗ್ಲೆನಿಸ್ ಟೋಪಿ ಸರಿಮಾಡಿಕೊಂಡು, ಚೀಲದಿಂದ ಚೀಸ್ ಸ್ಯಾಂಡ್‌ವಿಚ್ ತೆಗೆದು ತಿನ್ನತೊಡಗಿದರು.

ಕೊನೆಗೆ ಪೈಲಟ್ ಅಲಸ್ಟೇರ್ ಕಿನ್ನಿಯರ್ಡ್ ವಿಮಾನದಿಂದ ಇಳಿದು ಹುಲ್ಲಿನ ಮೇಲೆ ನಡೆದುಬಂದರು. ವಾಯುಪಡೆಯಿಂದ ನಿವೃತ್ತರಾದ, ಮಾತು ಕಡಿಮೆಯ ಸ್ಕಾಟಿಷ್ ಮನುಷ್ಯ. ಗ್ಲೆನಿಸ್ ಹೇಳಿದಲ್ಲಿ ಹಿಮ್ಮಡಿಯಿಂದ ಗುದ್ದಿದರು. ಪಕ್ಕದಲ್ಲೂ ಗುದ್ದಿದರು. ಮತ್ತೆ ಮೊದಲಿನ ಜಾಗದಲ್ಲಿ ಗುದ್ದಿದರು.

‘ನನಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಗ್ಲೆನ್. ನಿನಗೆ ಕೇಳಿಸ್ತಾ?’

‘ಕೇಳಿಸ್ತು.’

‘ಹಾಗಾದ್ರೆ ಆಯ್ತು.’

ಅಲಸ್ಟೇರ್ ನಿರ್ದೇಶಕರ ಬಳಿ ಹೋಗಿ, ಬಾವುಟಗಳಿದ್ದರೆ ಹಾರುತ್ತೇನೆ, ಕಿತ್ತರೆ ಇಲ್ಲ ಎಂದರು. ವಿಮಾನದ ಅರ್ಧ ಇಂಧನ ಹೊರತೆಗೆದು ಹಗುರ ಮಾಡಿದರು. ಗ್ಲೆನಿಸ್ ಬೇಲಿಗೆ ಬಂದರು, ಬಾವುಟಗಳು ಅಲ್ಲೇ ಉಳಿದವು. ಅವುಗಳಾಚೆ ಉಳಿದ ಆರುನೂರು ಚಿಲ್ಲರೆ ಮೀಟರಿನಲ್ಲೇ, ಪಶ್ಚಿಮದ ಗಾಳಿಗೆ ಎದುರಾಗಿ ಹರಿಕೇನ್ ಮೇಲೆದ್ದಿತು. ಹನ್ನೆರಡು ನಿಮಿಷದ ಪ್ರದರ್ಶನ ಏಳಕ್ಕಿಳಿಯಿತು. ಇಳಿಯುವಾಗ ಚಕ್ರಗಳು ಬಾವುಟಗಳ ಮೇಲಿಂದ ಹಾದು ಗಟ್ಟಿ ನೆಲ ಮುಟ್ಟಿದವು. ಜನ ಚಪ್ಪಾಳೆ ತಟ್ಟಿದ್ದು ಪೈಲಟ್‌ಗೆ. ಅದೇ ಸರಿ ಎನ್ನುತ್ತಾರೆ ಗ್ಲೆನಿಸ್.

ಸೋಮವಾರ ನೆಲ ಅಗೆಸಿದರು. ಹುಲ್ಲಿನಡಿ ಒಂದು ಗೇಣು ಮಣ್ಣು, ಅದರ ಕೆಳಗೆ ಎರಡು ಒಡೆದ ಕೊಳವೆ, ಒಂದು ಪೊಳ್ಳು. ಬರೀ ಬಕೆಟ್ ಹಿಡಿಯುವಷ್ಟು ಜಾಗ, ಇಷ್ಟಕ್ಕೆ ಆ ರಂಪವೇ ಎಂದರು ನಿರ್ದೇಶಕರು. ಬಕೆಟ್ ಹಿಡಿಯೋ ಕಡೆ ಚಕ್ರವೂ ಹಿಡಿಯುತ್ತೆ ಎಂದು ಗ್ಲೆನಿಸ್ ಉತ್ತರಿಸಿದರು. ಇಬ್ಬರೂ ಇನ್ನೂ ತಮ್ಮ ತಮ್ಮ ಮಾತಿಗೇ ಅಂಟಿಕೊಂಡಿದ್ದಾರೆ.

ಆದರೂ ವಾರದೊಳಗೆ ಪತ್ರವೊಂದು ಬಂತು. ವರ್ಷದ ಹಾರಾಟಗಳು ಮುಗಿದ ಮೇಲಿನ ಔತಣದಲ್ಲಿ ಸನ್ಮಾನ, ಗಾಜಿನ ಫಲಕ. ಫಲಕ ಬೇಡ ಎಂದು ಗ್ಲೆನಿಸ್ ಬರೆದರು. ಹಾರಾಟದ ದಿನ ಬೆಳಿಗ್ಗೆ ಮೈದಾನ ಸರಿಯಿದೆ ಎಂದು ನಿರ್ದೇಶಕರು ಸಹಿ ಹಾಕುವ ಹಾಳೆಯಲ್ಲಿ ತನ್ನ ಸಹಿಗೂ ಒಂದು ಗೆರೆ ಇರಲಿ, ಅಷ್ಟು ಸಾಕು ಎಂದರು. ಮೂರು ವಾರ ಕಾದ ಮೇಲೆ ಹೊಸದಾಗಿ ಅಚ್ಚಾದ ಹಾಳೆ ಮನೆಗೆ ಬಂತು. ಕೆಳಗೆ, ನಿಜವಾಗಿಯೂ, ಒಂದು ಗೆರೆ. ಪಕ್ಕದಲ್ಲಿ: ‘ನೆಲದ ಬಗ್ಗೆ ಸಲಹೆ — ಜಿ. ಮಾಲ್ಟ್‌ಬಿ.’

ಅಡುಗೆಮನೆಯ ಮೇಜಿನ ಮೇಲೆ ಆ ಹಾಳೆ ಹರಡಿದೆ. ಊದಿದ ಬೆರಳುಗಳಲ್ಲಿ ಪೆನ್ನು ಹಿಡಿದು, ಗ್ಲೆನಿಸ್ ‘ಸಲಹೆ’ ಎಂಬ ಪದದ ಮೇಲೆ ನಿಧಾನವಾಗಿ ಗೀಟು ಎಳೆಯುತ್ತಾರೆ. ಅದರ ಮೇಲೆ ದಪ್ಪಕ್ಷರದಲ್ಲಿ ‘ಒಪ್ಪಿಗೆ’ ಎಂದು ಬರೆಯುತ್ತಾರೆ.

‘ಸಲಹೆ ಕೇಳಿ ನಕ್ಕು ಹೋಗ್ಬಹುದು ಮರಿ, ಒಂದ್ಸಲ ಹೋಗಿದಾರೆ,’ ಎನ್ನುತ್ತಾ ಹಾಳೆ ಮಡಚಿ ಲಕೋಟೆಗೆ ಹಾಕುತ್ತಾರೆ. ‘ಇದನ್ನ ಹೀಗೇ ಅಚ್ಚು ಹಾಕ್ಸೋವರೆಗೂ ವಾಪಸ್ ಕಳಿಸ್ತಾನೇ ಇರ್ತೀನಿ.’