ಮೂಗಿನ ತುದಿಯ ಕೋಪ

ನಮ್ಮಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅದು. ಮನಸ್ಸಿನ ಕಾಯಿಲೆ ಬಂದದ್ದು ಇಪ್ಪತ್ತಾರನೇ ವಯಸ್ಸಿಗೆ. ಕೋಪ ತೊಟ್ಟಿಲಿನಿಂದಲೇ ಇತ್ತು. ಇವೆರಡನ್ನೂ ಸೇರಿಸಿ ಒಂದೇ ಗಂಟು ಕಟ್ಟಿದವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವಳ ಕಾಯಿಲೆ ಹೇಗಿರುತ್ತದೆಂದು ತಂಗಿಯಾದ ನಾನು ಕಂಡಿದ್ದೇನೆ. ಮನಸ್ಸು ಏರಿದಾಗ ನಿದ್ದೆ ಬಿಟ್ಟು, ಕಂಡಕಂಡವರನ್ನೆಲ್ಲ "ನನ್ನ ಬಂಗಾರ" ಅನ್ನುತ್ತಾಳೆ. ಇಳಿದಾಗ ಗೋಡೆಗೆ ಮುಖ ಮಾಡಿ ಮಲಗಿ, ಏನು ಕೇಳಿದರೂ "ಆಗಲಿ" ಅನ್ನುತ್ತಾಳೆ. ಎರಡರಲ್ಲೂ ಜಗಳವಿಲ್ಲ. ಬೈಯುತ್ತಿದ್ದಾಳೆ ಅಂದರೆ ನೆಟ್ಟಗಿದ್ದಾಳೆ ಅಂತಲೇ ಅರ್ಥ. ಆದರೆ ಅವಳು ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೂ ನಮ್ಮಣ್ಣನದು ಒಂದೇ ಪ್ರಶ್ನೆ: "ಮಾತ್ರೆ ತಗೊಂಡ್ಯಾ?"

ಅಕ್ಕ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಹದಿನಾಲ್ಕು ವರ್ಷ ಪಳಗಿದ ಕೈ. ಹತ್ತಿ ಬಟ್ಟೆಯನ್ನು ನೆನೆಸಿ, ಒಣಗಿಸಿ, ಆಮೇಲೇ ಕತ್ತರಿ ಹಾಕುತ್ತಾಳೆ. ಆ ಸಲ ಶಾಲೆಯೊಂದಕ್ಕೆ ಇನ್ನೂರು ಅಂಗಿ ಹೊಲಿಯಬೇಕಿತ್ತು. ಮಾಲೀಕನಿಗೆ ಅವಸರ. "ನೆನೆಸೋದೆಲ್ಲ ಬೇಡ, ಹಾಗೇ ಕತ್ತರಿಸು" ಅಂದ.

"ಒಂದ್ಸಲ ಒಗೆದ್ರೆ ಅಂಗಿ ಕುಗ್ಗಿ ಮಕ್ಕಳ ಹೊಟ್ಟೆ ಕಾಣುತ್ತೆ. ಆಗ ನಿಮ್ಮ ಮುಖ ಎಲ್ಲಿಟ್ಕೊಳ್ತೀರಿ?" ಅಂದವಳೇ ಅಕ್ಕ ಕತ್ತರಿಯನ್ನು ಮೇಜಿನ ಖಾನೆಗೆ ಹಾಕಿ, ಬೀಗ ಜಡಿದು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು.

ಮಾಲೀಕ ಅಣ್ಣನಿಗೆ ಫೋನ್ ಮಾಡಿದ. "ನಿಮ್ಮ ತಂಗಿಗೆ ಮತ್ತೆ ಶುರುವಾಗಿದೆ, ಕರ್ಕೊಂಡು ಹೋಗಿ." ಅಣ್ಣ ಹೋಗಿ ಎಲ್ಲರೆದುರೇ ಅವಳ ಮುಷ್ಟಿ ಬಿಡಿಸಿ, ಬೀಗದ ಕೈಯನ್ನು ಮಾಲೀಕನಿಗೆ ಕೊಟ್ಟು, ಅವಳನ್ನು ಕರೆತಂದ. ಮನೆಗೆ ಬಂದ ಮೇಲೆ ನಾನೇನು ಮಾಡಿದೆ? ಅವಳ ಮಾತ್ರೆ ತೆಗೆದು ಒಂದೊಂದಾಗಿ ಎಣಿಸಿದೆ. ಒಂದು ದಿನವೂ ತಪ್ಪಿರಲಿಲ್ಲ. ಅಕ್ಕ ನೋಡುತ್ತ ನಿಂತಿದ್ದಳು. ನನ್ನ ಮುಖಕ್ಕೆ ನಾನೇ ಉಗಿಯಬೇಕು.

ಬೇರೆಯವರ ಕೈಲಿ ನೆನೆಸದೆ ಕತ್ತರಿಸಿದ ಅಂಗಿಗಳು ಮೊದಲ ಒಗೆತಕ್ಕೇ ಕುಗ್ಗಿ, ಇನ್ನೂರೂ ವಾಪಸು ಬಂದವು. ಅಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು. ಮಾಲೀಕ ಮನೆಗೇ ಬಂದ. "ನೀನು ಹೇಳಿದ್ದೇ ಸರಿ ಕಣಮ್ಮ. ಬಾ, ನೆನೆಸಿಯೇ ಕತ್ತರಿಸೋಣ."

"ಹೇಗಾದ್ರೂ ಕತ್ತರಿಸ್ಕೊಳ್ಳಿ" ಅಂದಳು ಅಕ್ಕ, ಗೋಡೆ ನೋಡುತ್ತ.

ಅಣ್ಣ ನನ್ನ ಕಿವಿಯಲ್ಲಿ ಉಸುರಿದ: "ನೋಡು, ಎಷ್ಟು ಸಮಾಧಾನವಾಗಿದಾಳೆ!"

"ನಿನ್ನ ಸಮಾಧಾನಕ್ಕಿಷ್ಟು ಬೆಂಕಿ ಹಾಕ!" ಅಂದೆ. ಅವತ್ತೇ ಅಕ್ಕನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಮಾತ್ರೆ ಬದಲಿಸಿದರು.

ಎರಡು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಅಣ್ಣ ಹೊಸ ಅಂಗಿ ತೊಟ್ಟು ಹೊರಟಿದ್ದ. ಅಕ್ಕ ಎದ್ದು ಬಂದು ಅವನ ಕಾಲರ್ ಹಿಡಿದೆಳೆದಳು.

"ಯಾವ ಕುರುಡ ಕತ್ತರಿಸಿದ್ದೋ ಇದನ್ನ? ಒಂದು ಭುಜ ಮೇಲೆ, ಒಂದು ಕೆಳಗೆ! ತರೋವಾಗ ಕಣ್ಣು ಬಾಡಿಗೆಗೆ ಕೊಟ್ಟಿದ್ಯಾ?"

ಅಣ್ಣ ನನ್ನ ಕಡೆ ತಿರುಗಿದ. "ಇವಳು ಮಾತ್ರೆ ತಗೊಂಡ್ಳಾ?"

"ತಗೊಂಡಿದಾಳೆ ಕಣೋ" ಅಂದೆ. "ಅದಕ್ಕೇ ಬೈತಿದಾಳೆ."